ಪೋಷಕರ ಸಹಿ

ನಲವತ್ತೆರಡು ಕುರ್ಚಿ ಹಾಕಿಸಿದ್ದೆ.
ಹದಿನೈದು, ಪಕ್ಕದ ಕಲ್ಯಾಣ ಮಂಟಪದ್ದು,
ಮುರಿದರೆ ನಾನೇ ಹೊಣೆ ಎಂದು ಬರೆದುಕೊಟ್ಟು ತಂದದ್ದು.
ಬಂದವರು ಒಂಬತ್ತು ಜನ.
ಅದರಲ್ಲಿ ಇಬ್ಬರು ಅಜ್ಜಂದಿರು,
ಒಬ್ಬ, ಏಳನೇ ಕ್ಲಾಸಿನ ಅಣ್ಣ,
ಅಪ್ಪನ ಶರಟು ತೊಟ್ಟು, ತೋಳು ಮಡಚಿ,
ದೊಡ್ಡವನಂತೆ ಕೆಮ್ಮುತ್ತಾ.

ಖಾಲಿ ಕುರ್ಚಿಗಳಿಗೆ ಭಾಷಣ ಮಾಡಿದೆ:
ಮಗುವಿನ ಓದು ಒಂದು ಬಂಡಿ,
ನೀವೊಂದು ಎತ್ತು, ನಾವೊಂದು ಎತ್ತು.
ವರ್ಷವೂ ಅದೇ ಬಂಡಿ, ಅವೇ ಎತ್ತು.
ಹಿಂದಿನ ಸಾಲಿನ ಅಜ್ಜ ಆಕಳಿಸಿ ಕೇಳಿದ,
"ಹೊಡ್ಯೋರು ಯಾರು ಮೇಡಂ?"

ಸಂಜೆಯಾದರೂ ಸಿಟ್ಟು ಇಳಿಯಲಿಲ್ಲ.
ಸಹಿಯಿಲ್ಲದ ಅಂಕಪಟ್ಟಿಗಳನ್ನು ಚೀಲಕ್ಕೆ ತುರುಕಿ
ಶಿವಮೊಗ್ಗ ಬಸ್‌ಸ್ಟ್ಯಾಂಡಿನ ಹಿಂಬದಿ
ಹಳೇ ಟೈರುಗಳ ಸಾಲು ದಾಟಿ ಹೋದೆ,
ಚೌಡಮ್ಮನ ಮಂಡಕ್ಕಿ ಗಾಡಿಗೆ.

ಒಗ್ಗರಣೆ ಸಿಡಿಯುತ್ತಿತ್ತು.
ನನ್ನ ಮಾತೂ.
"ಮೂರು ಗಂಟೆಗೆ ಬರಬೇಕಿತ್ತು ನೀವು."
"ಮೂರಕ್ಕೆ ಮೆಣಸಿನಕಾಯಿ ಹಿಟ್ಟು ಕಲಸ್ಬೇಕು ಮಿಸ್,
ಸಾಗರದ ಬಸ್ಸು ನಾಕಕ್ಕೆ ಬರತ್ತೆ,
ನಿಮ್ ಸಭೆ ಮುಗ್ಯೋ ತನಕ ಬಸ್ಸು ಕಾಯಲ್ಲ."
ಆಮೇಲೆ, ಬಾಣಲೆ ನೋಡುತ್ತಲೇ,
"ಹತ್ತರಿಂದ ನಾಕು ನಿಮ್ದು, ಮಿಕ್ಕಿದ್ದು ನಂದು
ಅಂದ್ಕಂಡಿದ್ದೆ. ನಿಮ್ದೇ ನಂಗೆ ಹೊರ್ಸಿದ್ರೆ
ನಂದು ಯಾರಿಗೆ ಹೊರ್ಸ್ಲಿ?"

ಉತ್ತರ ಹುಡುಕುವಷ್ಟರಲ್ಲಿ ಗಿರಾಕಿಯೊಬ್ಬ,
ಮುಕ್ಕಾಲು ಸೇರು, ಎರಡು ಪೊಟ್ಟಣ ಮಾಡಿ ಎಂದ.
ಗಾಡಿಯ ಕೆಳಗೆ ಕೂತಿದ್ದ ಸಿಂಚನಾ ಎದ್ದಳು,
ನನ್ನನ್ನು ನೋಡಿ ಒಮ್ಮೆ ಕುಗ್ಗಿ,
ಒಂದು ಪಾವು, ಮೇಲೊಂದು ಅರೆಪಾವು,
ಮತ್ತೆ ಒಂದು ಪಾವು, ಮೇಲೊಂದು ಅರೆಪಾವು,
ಒಂದು ಕಾಳು ಚೆಲ್ಲದೆ ಸುರಿದಳು.

ಮುಕ್ಕಾಲನ್ನು ಎರಡರಿಂದ ಭಾಗಿಸಿ:
ನಾಲ್ಕನೇ ಪ್ರಶ್ನೆ. ಖಾಲಿ ಬಿಟ್ಟಿದ್ದಳು.
ಆ ಖಾಲಿಗೆ ಕೆಂಪು ಸೊನ್ನೆ ಸುತ್ತಿದ್ದು ನಾನೇ,
ನನ್ನ ಚೀಲದಲ್ಲೇ ಇತ್ತು.

"ಇದನ್ನ ನೀವು ಕಲಿಸಿದ್ದಾ?"
ಇಬ್ಬರೂ ಒಟ್ಟಿಗೇ ಕೇಳಿದೆವು.
ಹುಡುಗಿ ಇಬ್ಬರ ಕಡೆಗೂ ನೋಡಲಿಲ್ಲ.
ಚಿಲ್ಲರೆ ಎಣಿಸುತ್ತಿದ್ದಳು.

ಅಷ್ಟು ಹೊತ್ತಿಗೆ ನನ್ನ ಫೋನು ಟಿಣ್ಣೆಂದಿತು.
ಮಗಳ ಶಾಲೆಯ ಗುಂಪು. ತುಂಗೆಯ ಆಚೆ ದಡದ ಶಾಲೆ,
ಯೂನಿಫಾರ್ಮಿಗೆ ಟೈ ಇರುವಂಥದ್ದು.
ಇಂದಿನ ಪೋಷಕರ ಸಭೆಗೆ ಬಾರದವರು,
ಸಂಖ್ಯೆ ಆರು: ವಿಶಾಲಾಕ್ಷಿ ಕೆ. ಟಿ.
ಶನಿವಾರ, ಮಧ್ಯಾಹ್ನ ಮೂರು ಗಂಟೆ.
ಹೌದು, ಅದೇ ಮೂರು ಗಂಟೆ.

ಮುಚ್ಚಿಡಬಹುದಿತ್ತು. ಯಾಕೋ ಹೇಳಿಬಿಟ್ಟೆ.
ಚೌಡಮ್ಮ ನಗಬಹುದು ಎಂದುಕೊಂಡಿದ್ದೆ,
ನಗಲಿಲ್ಲ. ಸ್ಟೂಲು ಎಳೆದು ಹಾಕಿದಳು.
"ಅಲ್ಲಿಯ ಮಿಸ್ಸೂ ಹಿಂಗೇ ಬರ್ತಾರಾ,
ಚೀಲ ಹಾಕ್ಕಂಡು, ಮನೆ ತಂಕ?"
ಗೊತ್ತಿಲ್ಲ ಎಂದೆ.
ನನ್ನ ಮಗಳ ಟೀಚರಿನ ಹೆಸರೂ
ಆ ಗಳಿಗೆ ನೆನಪಿಗೆ ಬರಲಿಲ್ಲ.

ಅಂಕಪಟ್ಟಿ ಅವಳ ಕೈಗೆ ಹೋಗಿ ಬಂತು.
ಗಣಿತದ ಸಾಲಿನಲ್ಲಿ ಬೆರಳಿಟ್ಟು ತುಸು ಹೊತ್ತು ನಿಂತಳು.
ಓದಿದಳೋ, ನನ್ನ ಕೆಂಪು ಶಾಯಿಯ
ಬಣ್ಣ ನೋಡಿದಳೋ, ಕೇಳಲಿಲ್ಲ ನಾನು.
ಪೆನ್ನು ತೆಗೆಯುವ ಮೊದಲೇ ಬಸ್ಸು ಬಂತು.
ಸಹಿಯ ಜಾಗದಲ್ಲಿ ಉಳಿದದ್ದು ಎಣ್ಣೆ,
ಹೆಬ್ಬೆಟ್ಟಿನಗಲ, ದೀಪಕ್ಕೆ ಹಿಡಿದರೆ
ಆಚೆಗಿನ ಬೆಳಕು ಕಾಣುವಷ್ಟು.

ಹೊರಟಾಗ ಪೊಟ್ಟಣವೊಂದು ಕೈಗಿಟ್ಟಳು,
"ನಿಮ್ ಹುಡುಗೀಗೆ." ದುಡ್ಡು ಮುಟ್ಟಲಿಲ್ಲ.
ಸಿಂಚನಾ ಬಗ್ಗಿ, ಕೇಳದೆಯೇ,
ಮೇಲೊಂದು ಅರೆಪಾವು ಸುರಿದಳು.

ಸೋಮವಾರ ಹೆಡ್‌ಮಾಸ್ತರರು ವರದಿ ಕೇಳಿದರು.
ಬಂದವರು: ಹತ್ತು, ಎಂದು ಬರೆದೆ.
ಅಣ್ಣನನ್ನು ಕೈಬಿಡಲಿಲ್ಲ.
ಚೌಡಮ್ಮನ ಮುಂದೆ, ಹಾಜರು.
ಕುರ್ಚಿಗಳನ್ನು ಎಣಿಸಿ ಹಿಂತಿರುಗಿಸಿದೆ,
ಒಂದೂ ಮುರಿದಿರಲಿಲ್ಲ.
ಸೇರು, ಪಾವು, ಅರೆಪಾವು, ಒಂದು ದಿನದ ಮಟ್ಟಿಗೆ
ಶಾಲೆಗೆ ಕಳಿಸಿ ಎಂದು ಚೀಟಿ ಬರೆದೆ.

ಮಧ್ಯಾಹ್ನ ಅರ್ಧ ರಜೆ ಕೇಳಿ
ಸೇತುವೆ ದಾಟುತ್ತಿದ್ದೇನೆ ಈಗ.
ಆಚೆ ದಡದ ಗೇಟಿನಲ್ಲಿ ಏನೆನ್ನಲಿ?
ತಡವಾಯಿತು ಎನ್ನಲೇ,
ಅಥವಾ ಮೊದಲು ಹೆಸರು ಕೇಳಲೇ?